ರೇಡಿಯೋ ವಿವರಿಸಿದ ತಿದ್ದುಪಡಿ

ಆಫೀಸಿನಲ್ಲಿ ಎಲ್ಲರೂ ಅವನನ್ನು ರೇಡಿಯೋ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಲಿಫ್ಟಿನಿಂದ ಕಾಲು ಹೊರಗಿಟ್ಟಾಗ ಶುರುವಾದ ಮಾತು ಸಂಜೆ ಚೀಲ ಹೆಗಲೇರಿದ ಮೇಲೂ ನಿಲ್ಲುತ್ತಿರಲಿಲ್ಲ. ಮನೆಯ ಸೋರುವ ನಲ್ಲಿ, ಫುಟ್‌ಬಾಲ್ ಪಂದ್ಯ, ನೆಗಡಿಗೆ ಮದ್ದು, ಹೆಂಡತಿ ಓಡಿಸುವ ಸಿಟಿ ಬಸ್ಸಿಗೆ ನಿನ್ನೆ ಬೆಕ್ಕನ್ನು ಕಂಕುಳಲ್ಲಿಟ್ಟುಕೊಂಡು ಹತ್ತಿದ ಅಜ್ಜಿ, ಯಾವುದೂ ಅವನ ಬಾಯಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಯಾರಾದರೂ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಕೂತಿದ್ದರೆ ಅವರ ಮೇಜಿನ ಮುಂದೆ ನಿಂತು, ಅದನ್ನು ತೆಗೆಯುವವರೆಗೂ ನಗುತ್ತಾ ಕಾಯುತ್ತಿದ್ದ. ಆದರೂ ಅವನ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಕಷ್ಟದ ವಿಷಯವನ್ನು ಅವನಷ್ಟು ಸಲೀಸಾಗಿ ಬಿಡಿಸಿ ಹೇಳುವವರು ಆ ಮಹಡಿಯಲ್ಲಿ ಇನ್ನೊಬ್ಬರಿರಲಿಲ್ಲ.

ಅವರದು ಆಸ್ಪತ್ರೆಗಳ ಕಂಪ್ಯೂಟರುಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿ. ಆಸ್ಪತ್ರೆಯ ಒಂದು ಕಂಪ್ಯೂಟರಿನಲ್ಲಿ ಹತ್ತಾರು ಪ್ರೋಗ್ರಾಂಗಳು ಓಡುತ್ತಿರುತ್ತವೆ: ರಕ್ತಪರೀಕ್ಷೆಯದ್ದೊಂದು, ಎಕ್ಸ್‌ರೇಯದ್ದೊಂದು, ಔಷಧಿಯದ್ದೊಂದು. ಯಾವ ಪ್ರೋಗ್ರಾಂ, ಅದರ ಮೂಲಕ ಯಾರು, ಯಾವ ಫೈಲನ್ನು ಓದಬಹುದು, ಯಾವುದನ್ನು ತಿದ್ದಬಹುದು, ಯಾವುದರ ಹತ್ತಿರವೂ ಸುಳಿಯಬಾರದು ಎಂಬುದಕ್ಕೆಲ್ಲ ನಿಯಮಗಳಿವೆ. ಆ ನಿಯಮಗಳನ್ನು ಓದಿ, ಅರ್ಥ ಮಾಡಿಕೊಂಡು, ಯಂತ್ರಕ್ಕೆ ತಿಳಿಯುವ ಹಾಗೆ ಬರೆದುಕೊಡುವುದಕ್ಕೇ ಒಂದು ಪ್ರೋಗ್ರಾಂ ಬೇಕು. ಅದನ್ನು ಪಾರ್ಸರ್ ಎನ್ನುತ್ತಿದ್ದರು. ಅದನ್ನು ಬರೆದವನು ರೇಡಿಯೋ.

ಒಂದೇ ಫೈಲಿನ ಬಗ್ಗೆ ಎರಡು ಮೂರು ಕಡೆ ನಿಯಮ ಬರುವುದು ಸಾಮಾನ್ಯ. ಒಂದು ಕಡೆ ‘ಓದಬಹುದು’ ಎಂದಿರುತ್ತದೆ, ಇನ್ನೊಂದು ಕಡೆ ‘ಬರೆಯಬಹುದು’ ಎಂದಿರುತ್ತದೆ. ಪಾರ್ಸರ್ ಅವೆರಡನ್ನೂ ಕೂಡಿಸಿ ‘ಓದಬಹುದು, ಬರೆಯಬಹುದು’ ಎಂದು ಒಂದೇ ಸಾಲು ಮಾಡುತ್ತದೆ. ಸಾಲು ಕಡಿಮೆಯಾದಷ್ಟೂ ಯಂತ್ರ ಚುರುಕು. ಹೊಸದಾಗಿ ಸೇರಿದವರಿಗೆ ಇದನ್ನು ವಿವರಿಸುವಾಗ ರೇಡಿಯೋ, “ಅಪ್ಪ ಒಂದು ಚೀಟಿಲಿ ಸಕ್ಕರೆ ತಾ ಅಂತ ಬರೆದಿರ್ತಾರೆ, ಅಮ್ಮ ಇನ್ನೊಂದು ಚೀಟಿಲಿ ಸೋಪು ತಾ ಅಂತ ಬರೆದಿರ್ತಾರೆ. ಅಂಗಡಿಗೆ ಎರಡು ಸಲ ಹೋಗ್ತೀರಾ? ಇಲ್ಲ ತಾನೆ?” ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಮೀಟಿಂಗ್ ರೂಮಿನಲ್ಲಿ ಬೋರ್ಡಿನ ಮೇಲೆ ಏನನ್ನೋ ಬರೆಯುತ್ತಾ ಹೀಗೇ ವಿವರಿಸುತ್ತಿದ್ದ. ಕೈಯಿಂದ ಮಾರ್ಕರ್ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದವನು ಹಾಗೇ ಗೋಡೆಗೆ ಒರಗಿದ. “ಉಳಿದಿದ್ದು ನಾಳೆ” ಎಂದ. ಮತ್ತೆ “ನಾಳೆ” ಎಂದ. ಮತ್ತೆ ಮತ್ತೆ ಅದನ್ನೇ ಹೇಳತೊಡಗಿದಾಗ, ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಇಬ್ಬರು ನಕ್ಕರು. ಜಿರಾಫೆ ನಗಲಿಲ್ಲ.

ಜಿರಾಫೆ ಎಂದರೆ ಅವನ ತಂಡದ ಎತ್ತರದ ಹುಡುಗ, ಆಗಷ್ಟೇ ಕೆಲಸ ಪಕ್ಕಾ ಆಗಿದ್ದವನು. ಬಾಗಿಲು ದಾಟುವಾಗಲೆಲ್ಲ ತಲೆ ತಗ್ಗಿಸುವುದರಿಂದ ಆ ಹೆಸರು ಬಂದಿತ್ತು. ಮಾತು ತೀರಾ ಕಡಿಮೆ. ಅವನು ರೇಡಿಯೋನ ಬಾಯಿಯ ಒಂದು ಮೂಲೆ ಕೆಳಗೆ ಜಗ್ಗಿರುವುದನ್ನು ನೋಡಿದ. ಕುರ್ಚಿ ತಳ್ಳಿ ಎದ್ದು, ಅವನನ್ನು ತೋಳಿನಲ್ಲಿ ಹಿಡಿದು ನಿಧಾನಕ್ಕೆ ನೆಲಕ್ಕೆ ಮಲಗಿಸಿ, ಇನ್ನೊಂದು ಕೈಯಲ್ಲಿ ಆಂಬುಲೆನ್ಸಿಗೆ ಫೋನು ಮಾಡಿದ. ಬೇರೆಯವರು ನೀರು ಕುಡಿಸಲು ಬಂದಾಗ, “ಏನೂ ಕುಡಿಸಬೇಡಿ!” ಎಂದು ಗದರಿದ. ಅವನು ಗದರಿದ್ದನ್ನು ಆಫೀಸು ಕೇಳಿದ್ದು ಅದೇ ಮೊದಲು.

ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. “ಬೇಗ ಕರ್ಕೊಂಡು ಬಂದಿದ್ದಕ್ಕೆ ಉಳಿದ್ರು. ಇಲ್ದಿದ್ರೆ ಕಷ್ಟ ಇತ್ತು” ಎಂದರು ಡಾಕ್ಟರು. ಬಸ್ಸನ್ನು ಡಿಪೋದಲ್ಲಿ ಬಿಟ್ಟು ಸಮವಸ್ತ್ರದಲ್ಲೇ ಓಡಿಬಂದಿದ್ದ ಹೆಂಡತಿ ಆಸ್ಪತ್ರೆಯ ಕಾರಿಡಾರಿನಲ್ಲಿ ಜಿರಾಫೆಯ ಎರಡೂ ಕೈ ಹಿಡಿದುಕೊಂಡಳು. ಏನು ಹೇಳಬೇಕೋ ಹೊಳೆಯದೆ, “ಊಟ ಮಾಡಿದ್ಯೇನಪ್ಪ?” ಎಂದು ಕೇಳಿದಳು.

ಜೀವ ಉಳಿಯಿತು. ಬಲಗೈ ಸೋತಿತು. ಮಾತು ಹೋಯಿತು.

ಪೂರ್ತಿ ಹೋಗಲಿಲ್ಲ. ಒಂದು ಪದ ಉಳಿದಿತ್ತು: ನಾಳೆ. ಹಸಿವಾಯಿತೇ ಎಂದರೆ ನಾಳೆ. ತಲೆ ನೋಯುತ್ತಿದೆಯೇ ಎಂದರೆ ನಾಳೆ. ಕಿಟಕಿ ತೆರೆಯಲೇ ಎಂದರೆ ನಾಳೆ, ಮುಚ್ಚಲೇ ಎಂದರೂ ನಾಳೆ. ತಾನು ಹೇಳಬೇಕೆಂದುಕೊಂಡಿದ್ದು ಅದಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಾಗುತ್ತಿತ್ತು. ಬೇಕಾದ ಪದ ನಾಲಿಗೆಯ ತುದಿಯವರೆಗೆ ಬಂದು ಅಲ್ಲಿ ಇನ್ನೊಂದಾಗಿ ಉದುರುತ್ತಿತ್ತು. ಆಗ ಅವನು ಹಾಸಿಗೆಯ ಕಂಬಿಯನ್ನು ಎಡಗೈಯಲ್ಲಿ ಗುದ್ದುತ್ತಿದ್ದ. ಹೆಂಡತಿ ಪಕ್ಕದಲ್ಲೇ ಕೂತು, “ಗುದ್ದಿ, ಗುದ್ದಿ. ಕಂಬಿ ಅವರದ್ದು, ಕೈ ನಮ್ಮದು, ಅಷ್ಟು ನೆನಪಿರಲಿ” ಎನ್ನುತ್ತಿದ್ದಳು. ಅವನಿಗೆ ಅಳುವಿನ ಮಧ್ಯೆ ನಗು ಬರುತ್ತಿತ್ತು.

ಮಾತು ಕಲಿಸಲು ಬರುತ್ತಿದ್ದ ಥೆರಪಿಸ್ಟ್ ಮೆತ್ತನೆಯ ಬೂಟಿನ, ಅವಸರವೇ ಇಲ್ಲದ ಹೆಂಗಸು. ಲೋಟ, ಬಾಚಣಿಗೆ, ಕೊಡೆ ಎಂದು ಒಂದೊಂದೇ ಚಿತ್ರ ತೋರಿಸುತ್ತಿದ್ದಳು. ಅವನು ಬೆವರಿಳಿಸಿಕೊಂಡು ಬಾಯಿ ಹೊರಳಿಸುತ್ತಿದ್ದ. ಪೇಪರು ಕೈಗೆ ಕೊಟ್ಟರೆ ಅಕ್ಷರಗಳು ಇರುವೆಗಳ ಹಾಗೆ ಕಾಣುತ್ತಿದ್ದವು. ಅಕ್ಷರ ಇದೆ, ಸಾಲು ಇದೆ, ಒಳಗೆ ಏನೂ ಇಲ್ಲ.

ಮನೆಗೆ ಬಂದ ಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಜಿರಾಫೆ ಬರುತ್ತಿದ್ದ. ಬಂದವನಿಗೆ ಏನು ಮಾಡಬೇಕೆಂದು ತೋಚುತ್ತಿರಲಿಲ್ಲ. ಇಷ್ಟು ದಿನ ಇಬ್ಬರ ಪಾಲಿನ ಮಾತನ್ನೂ ರೇಡಿಯೋನೇ ಆಡುತ್ತಿದ್ದ. ಈಗ ಒಬ್ಬನಿಗೆ ಮಾತಿಲ್ಲ, ಇನ್ನೊಬ್ಬನಿಗೆ ಮಾತು ಬರುವುದಿಲ್ಲ. ಎರಡು ಭಾನುವಾರ ಇಬ್ಬರೂ ಟೀ ಕುಡಿದು ಗೋಡೆ ನೋಡಿದರು. ಮುಂದಿನ ಸಲ ಜಿರಾಫೆ ಮುಜುಗರ ತಪ್ಪಿಸಿಕೊಳ್ಳಲು ಆಫೀಸಿನಿಂದ ಪಾರ್ಸರಿನ ಒಂದಷ್ಟು ಪುಟ ಪ್ರಿಂಟ್ ಹಾಕಿಸಿಕೊಂಡು ಬಂದ. ಟೀ ಮುಗಿಯುವ ತನಕ ಸುಮ್ಮನೆ ಹಾಳೆ ತಿರುವುತ್ತಾ ಕೂರಬಹುದಲ್ಲ ಎಂದು.

ರೇಡಿಯೋ ಹಾಳೆಯನ್ನು ತನ್ನ ಕಡೆ ಎಳೆದುಕೊಂಡ. ಎಡಗೈಯ ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ಒಂದು ಕಡೆ ನಿಂತಿತು. ಹುಬ್ಬು ಗಂಟಿಕ್ಕಿತು. ಹಾಳೆಯ ಮೇಲೆ ಟಕಟಕ ಕುಟ್ಟಿದ.

ಜಿರಾಫೆ ಬಗ್ಗಿ ನೋಡಿದ. ಲೆಕ್ಕ ಇಡುವ ಕಡೆ ಒಂದು ಹೆಚ್ಚಿಗೆ ಎಣಿಸಿಬಿಟ್ಟಿತ್ತು. ಆಫೀಸಿನಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

“ಅಣ್ಣ, ಇದು ನಿಮಗೆ ಓದೋಕ್ಕೆ ಆಗ್ತಿದ್ಯಾ?”

ರೇಡಿಯೋ ತಲೆಯಾಡಿಸಿದ. ಅವನ ಕಣ್ಣು ತುಂಬಿತ್ತು. ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು.

“ಬಾಗಿಲ ಮೇಲಿರೋ ನನ್ನ ಹೆಸರು ಓದೋಕ್ಕಾಗಲ್ಲ. ಈ ಹುಳುಹುಪ್ಪಟೆ ಓದೋಕ್ಕಾಗತ್ತಾ?” ಎಂದು ಗಂಡನ ಬೆನ್ನಿಗೊಂದು ಗುದ್ದು ಕೊಟ್ಟಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು.

ಹೀಗೂ ಆಗುತ್ತದೆ ಎಂದಳು ಥೆರಪಿಸ್ಟ್. ಮಿದುಳಿನಲ್ಲಿ ಮಾತು ಹೋಗುವ ದಾರಿ ಬೇರೆ, ಇಂಥ ಲೆಕ್ಕಾಚಾರ ಹೋಗುವ ದಾರಿ ಬೇರೆ. ಒಂದು ಕೊಚ್ಚಿಹೋದರೂ ಇನ್ನೊಂದು ಉಳಿದಿರಬಹುದು. “ಉಳಿದಿರೋದನ್ನ ದಿನಾ ಬಳಸಿ” ಎಂದಳು.

ಸುದ್ದಿ ಆಫೀಸಿಗೆ ಮುಟ್ಟಿತು. ಅವರ ತಂಡದ ಮುಖ್ಯಸ್ಥೆ ಹಿಂದೆ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವರು. ಈಗಲೂ ಎಲ್ಲರ ಕೆಲಸವನ್ನೂ ಪ್ರಿಂಟ್ ತೆಗೆದು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದರು. ಅವರಿಗೆ ಟೀಚರ್ ಎಂದೇ ಹೆಸರು. ಆಡಳಿತದವರ ಜೊತೆ ಅವರು ಅದೇನು ಜಗಳ ಆಡಿದರೋ, ಅರ್ಧ ದಿನದ ಕೆಲಸಕ್ಕೆ ಒಪ್ಪಿಗೆ ತೆಗೆದುಕೊಂಡು ತಾವೇ ರೇಡಿಯೋನ ಮನೆಗೆ ಬಂದರು.

“ನೋಡಿ, ಸುಮ್ಮನೆ ಕೂರಿಸೋಕೆ ನನ್ನ ಹತ್ರ ಕುರ್ಚಿ ಖಾಲಿ ಇಲ್ಲ. ಕೆಲಸ ರಾಶಿ ಬಿದ್ದಿದೆ. ನೀವಿಲ್ಲದಾಗ ಪಾರ್ಸರ್‌ನಲ್ಲಿ ತುಂಬ ಬದಲಾಗಿದೆ. ಅದೆಲ್ಲ ಆಸ್ಪತ್ರೆಗಳಿಗೆ ಹೋಗೋ ಮುಂಚೆ ನೀವೊಂದು ಸಲ ಓದಬೇಕು. ಯಾವಾಗ ಬರ್ತೀರಿ?”

“ನಾಳೆ” ಎಂದ ರೇಡಿಯೋ.

“ಸರಿ, ನಾಳೆನೇ ಬನ್ನಿ” ಎಂದು ಟೀಚರ್ ಎದ್ದೇಬಿಟ್ಟರು. ಬಾಗಿಲ ಹತ್ತಿರ ಅವನ ಹೆಂಡತಿಗೆ, “ನಮ್ಮ ಆಫೀಸಲ್ಲಿ ಯಾರನ್ನ ಕೇಳಿದ್ರೂ ನಾಳೆ ಅಂತಾನೇ ಹೇಳೋದು. ಇವರೊಬ್ರೇ ಹೇಳಿದ ಹಾಗೆ ಮಾಡೋರು” ಎಂದರು.

ಅವನು ಹೋದ. ಹೆಂಡತಿ ಬೆಳಗಿನ ಪಾಳಿ ಹಾಕಿಸಿಕೊಂಡು ತನ್ನ ಬಸ್ಸಿನಲ್ಲೇ ಕರೆದೊಯ್ದು ಆಫೀಸಿನ ಎದುರು ಇಳಿಸುತ್ತಿದ್ದಳು. ಮೆಟ್ಟಿಲ ಹತ್ತಿರ ಜಿರಾಫೆ ಕಾಯುತ್ತಿರುತ್ತಿದ್ದ. ಮೇಜಿನ ಎತ್ತರವನ್ನು ಯಾರೋ ಸರಿ ಮಾಡಿಟ್ಟಿದ್ದರು. ಮೌಸನ್ನು ಎಡಕ್ಕೆ ಸರಿಸಿಟ್ಟಿದ್ದರು. ಯಾರು ಎಂದು ಯಾರೂ ಹೇಳಲಿಲ್ಲ. ಮೊದಲ ದಿನ ಎಲ್ಲರೂ ಸರದಿಯಂತೆ ಅವನ ಮೇಜಿನ ಮುಂದೆ ಬಂದು ನಿಂತು, ಮನೆಯ ನಲ್ಲಿ, ಮಕ್ಕಳ ನೆಗಡಿ, ನಿನ್ನೆಯ ಪಂದ್ಯ ಎಂದು ಹರಟಿ ಹೋದರು. ಇಷ್ಟು ವರ್ಷ ತಾನು ಕೊರೆದದ್ದಕ್ಕೆ ಇವರು ಬಡ್ಡಿ ತೀರಿಸುತ್ತಿದ್ದಾರೆ ಎನ್ನಿಸಿ ಅವನು ಒಳಗೊಳಗೇ ನಕ್ಕ.

ಓದುತ್ತಾ ಹೋದ. ಒಂದು ಬೆಳಿಗ್ಗೆ, ನಿಯಮಗಳನ್ನು ಕೂಡಿಸುವ ಭಾಗಕ್ಕೆ ಬಂದಾಗ ಅವನ ಬೆರಳು ನಿಂತಿತು.

ಅವನಿಲ್ಲದಾಗ ಆಸ್ಪತ್ರೆಗಳಿಂದ ಒಂದು ದೂರು ಬಂದಿತ್ತು: ಬೆಳಿಗ್ಗೆ ಕಂಪ್ಯೂಟರ್ ಶುರುವಾಗುವುದಕ್ಕೇ ತುಂಬ ಹೊತ್ತು ಹಿಡಿಯುತ್ತಿದೆ, ರೋಗಿಗಳು ಸಾಲಿನಲ್ಲಿ ಕಾಯುತ್ತಾರೆ. ಜಿರಾಫೆ ಕೂಡಿಸುವ ಭಾಗವನ್ನು ಹೊಸದಾಗಿ ಬರೆದು ಅದನ್ನು ಕಣ್ಣುಮುಚ್ಚಿ ತೆರೆಯುವಷ್ಟು ಬೇಗ ಮಾಡಿದ್ದ. ಎಲ್ಲರೂ ಬೆನ್ನು ತಟ್ಟಿದ್ದರು. ಹೊಸ ಕೂಡಿಕೆ ಫೈಲಿನ ಹೆಸರು ನೋಡುತ್ತಿತ್ತು. ಹೆಸರು ಒಂದೇ ಆಗಿದ್ದರೆ ಎರಡೂ ನಿಯಮವನ್ನು ಸೇರಿಸಿ ಒಂದು ಮಾಡುತ್ತಿತ್ತು. ಆದರೆ ಕೆಲವು ನಿಯಮಗಳಿಗೆ ಒಂದು ಷರತ್ತು ಅಂಟಿಕೊಂಡಿರುತ್ತದೆ. ರೋಗಿಯ ವರದಿಯನ್ನು ಆಸ್ಪತ್ರೆಯ ಎಲ್ಲ ಡಾಕ್ಟರೂ ಓದಬಹುದು. ತಿದ್ದುವುದಕ್ಕೆ ಮಾತ್ರ ಅದನ್ನು ಬರೆದ ಡಾಕ್ಟರಿಗಷ್ಟೇ ಅವಕಾಶ. ಹೊಸ ಕೂಡಿಕೆ ಆ ಷರತ್ತಿನ ಕಡೆ ನೋಡುತ್ತಲೇ ಇರಲಿಲ್ಲ. ಎರಡೂ ಒಂದಾದಾಗ ಅದು ಸದ್ದಿಲ್ಲದೆ ಬಿದ್ದುಹೋಗುತ್ತಿತ್ತು.

ನಂಬಲಾಗದೆ ಅವನು ಎರಡೇ ಸಾಲಿನ ನಿಯಮ ಬರೆದು ಪಾರ್ಸರಿಗೆ ಕೊಟ್ಟ. ಅದು ಒಂದೇ ಸಾಲು ಮಾಡಿ ಹಿಂದಿರುಗಿಸಿತು: ಎಲ್ಲರೂ ಓದಬಹುದು, ಎಲ್ಲರೂ ತಿದ್ದಬಹುದು.

ಪರೀಕ್ಷೆಗಳೆಲ್ಲ ಪಾಸಾಗಿದ್ದವು, ಯಾಕೆಂದರೆ ಬಿಡಬೇಕಾದವರನ್ನು ಬಿಡುತ್ತಿದೆಯೇ ಎಂದಷ್ಟೇ ಅವು ನೋಡುತ್ತಿದ್ದವು. ತಡೆಯಬೇಕಾದವರನ್ನು ತಡೆಯುತ್ತಿದೆಯೇ ಎಂದು ಕೇಳುವುದು ಯಾರಿಗೂ ಹೊಳೆದಿರಲಿಲ್ಲ. ಮುಂದಿನ ವಾರ ಇದು ಎಲ್ಲ ಆಸ್ಪತ್ರೆಗಳಿಗೂ ಹೋಗುವುದಿತ್ತು.

ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತಿ ಸರಿ ಮಾಡುತ್ತಾ ಕೂತ. ಮಾಡಬೇಕಾದದ್ದು ತಲೆಯಲ್ಲಿ ಸ್ಪಷ್ಟವಾಗಿತ್ತು. ಕಷ್ಟ ಇದ್ದದ್ದು ಬೇರೆ ಕಡೆ. ಪಾರ್ಸರಿನಲ್ಲಿ ಏನು ಬದಲಿಸಿದರೂ ಬದಲಿಸಿದವರು ಎಲ್ಲರೆದುರು ನಿಂತು ಬಾಯಿಬಿಟ್ಟು ವಿವರಿಸಬೇಕು, ಟೀಚರ್ ಒಪ್ಪಬೇಕು. ಅದಿಲ್ಲದೆ ಒಂದು ಅಲ್ಪವಿರಾಮವೂ ಒಳಗೆ ಹೋಗುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಸಂಕಟ ಜಿರಾಫೆಯದು. ಅವನ ಮುಖ ನೋಡಿದಾಗಲೆಲ್ಲ ರೇಡಿಯೋಗೆ ತನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಂಬುಲೆನ್ಸಿಗೆ ದಾರಿ ಹೇಳುತ್ತಿದ್ದ ಆ ದನಿಯೇ ಕೇಳಿಸುತ್ತಿತ್ತು.

ಸಂಜೆ ಊಟಕ್ಕೆ ಕೂತಾಗ ಹೆಂಡತಿ ಅವನ ತಟ್ಟೆ ನೋಡಿದಳು. ಏನೂ ಖಾಲಿಯಾಗಿರಲಿಲ್ಲ.

“ಏನ್ರೀ, ಆಫೀಸಲ್ಲಿ ಏನಾದ್ರೂ ಆಯ್ತಾ?”

ಅವನು ತಲೆಯಾಡಿಸಿದ.

“ತಪ್ಪಾಗಿದ್ಯಾ? ನಿಮ್ಮಿಂದನಾ?”

ಇಲ್ಲವೆಂದು ತಲೆಯಲ್ಲಾಡಿಸಿದ.

“ಮತ್ಯಾರಿಂದ? ಟೀಚರ್?” ಅವನ ಮುಖ ನೋಡಿ ನಿಧಾನಕ್ಕೆ ಕೇಳಿದಳು. “ಜಿರಾಫೆನಾ?”

ಅವನು ಚಮಚ ಕೆಳಗಿಟ್ಟ.

ಹೆಂಡತಿ ಅವನ ಲೋಟಕ್ಕೆ ನೀರು ಸುರಿದಳು. “ಆ ಹುಡುಗ ಇಲ್ದಿದ್ರೆ ಇವತ್ತು ನಾನು ಒಬ್ಳೇ ಊಟ ಮಾಡ್ತಿದ್ದೆ. ಅದು ನನಗೂ ಗೊತ್ತು. ಆದ್ರೆ ನೋಡಿ, ಬ್ರೇಕ್ ಸರಿಯಾಗಿ ಹಿಡೀತಿಲ್ಲ ಅಂತ ನಾನು ಮೆಕ್ಯಾನಿಕ್ಕಿಗೆ ಹೇಳದೆ ಇರೋಕ್ಕಾಗತ್ತಾ? ಪಾಪ ಬೇಜಾರು ಮಾಡ್ಕೋತಾನೆ ಅಂತ? ಬಸ್ ತುಂಬ ಜನ ಇರ್ತಾರಲ್ರೀ.” ಅವನ ತಟ್ಟೆಯನ್ನು ಹತ್ತಿರ ತಳ್ಳಿದಳು. “ಅವನಿಗೇ ಮೊದ್ಲು ತೋರಿಸಿ. ಎಲ್ಲರೆದುರು ಬೇಡ. ಈಗ ಊಟ ಮಾಡಿ.”

ಮರುದಿನ ರೇಡಿಯೋ ಜಿರಾಫೆಯ ತೋಳು ಹಿಡಿದು ಸ್ಟೋರ್ ರೂಮಿನ ಗಾಜಿನ ಬಾಗಿಲ ಹತ್ತಿರ ಕರೆದೊಯ್ದ. ಕೈಯಲ್ಲಿ ಒಂದಷ್ಟು ಹಳದಿ ಚೀಟಿ, ಒಂದು ಪೆನ್ಸಿಲ್ಲು. ಅವನು ಮನೆಯಲ್ಲೇ ಚಿತ್ರ ಬರೆದುಕೊಂಡು ಬಂದಿದ್ದ. ಎಡಗೈಯಲ್ಲಿ ಬರೆದದ್ದು, ಸೊಟ್ಟಸೊಟ್ಟಗಿತ್ತು, ಆದರೆ ತಿಳಿಯುತ್ತಿತ್ತು.

ಮೊದಲು ಬಾಗಿಲಿಗೆ ಒಬ್ಬ ಮನುಷ್ಯನ ಚಿತ್ರ ಅಂಟಿಸಿದ. ಅದರ ಎಡಗಾಲಿಗೆ ಮಾತ್ರ, ಮೂಳೆ ಮುರಿದವರಿಗೆ ಸುತ್ತುವ ಹಾಗೆ, ಪಟ್ಟಿ ಸುತ್ತಿತ್ತು. ಆಮೇಲೆ ಜಿರಾಫೆಯ ಕಡೆ ಬೆರಳು ತೋರಿಸಿ, ಕಿವಿಗೆ ಸ್ಟೆತೊಸ್ಕೋಪ್ ಇಟ್ಟಂತೆ, ಹಾಳೆಯ ಮೇಲೆ ಬರೆದಂತೆ ಅಭಿನಯಿಸಿದ.

“ನಾನು ಬರೆದ ವರದಿನಾ? ನಾನು ಡಾಕ್ಟರಾ?”

ಹೌದು. ಅದರ ಪಕ್ಕ ಇನ್ನೊಂದು ಚೀಟಿ: ಒಂದು ಕಣ್ಣು, ಕೆಳಗೆ ಒಂದು ಗುಂಪು ಜನ.

“ಎಲ್ಲರೂ ಓದಬಹುದು.”

ಮೂರನೆಯದು: ಒಂದು ಪೆನ್ಸಿಲ್ಲು, ಕೆಳಗೆ ಒಬ್ಬನೇ ಒಬ್ಬ, ಉದ್ದ ಕತ್ತಿನವನು.

ಜಿರಾಫೆಗೆ ನಗು ಬಂತು. “ತಿದ್ದೋದು ನಾನು ಮಾತ್ರ. ಸರಿ ಅಣ್ಣ, ಇದು ವರದಿ ಫೈಲಿನ ನಿಯಮ. ಇದಕ್ಕೇನಾಯ್ತು?”

ರೇಡಿಯೋ ಕಣ್ಣಿನ ಚೀಟಿಯನ್ನೂ ಪೆನ್ಸಿಲ್ಲಿನ ಚೀಟಿಯನ್ನೂ ಕಿತ್ತು, ಒಂದರ ಮೇಲೊಂದಿಟ್ಟು ಮುದ್ದೆ ಮಾಡಿ, ಬದಲಿಗೆ ಜೇಬಿನಿಂದ ಹೊಸ ಚೀಟಿ ತೆಗೆದು ಅಂಟಿಸಿದ. ಅದರಲ್ಲಿ ಕಣ್ಣೂ ಇತ್ತು, ಪೆನ್ಸಿಲ್ಲೂ ಇತ್ತು, ಕೆಳಗೆ ಗುಂಪು ಜನ ಇದ್ದರು. ಉದ್ದ ಕತ್ತಿನವನು ಎಲ್ಲೂ ಇರಲಿಲ್ಲ. ಆಮೇಲೆ ಅತ್ತ ಹಾದುಹೋಗುತ್ತಿದ್ದ ರಿಸೆಪ್ಷನಿಸ್ಟ್ ಹುಡುಗಿಯನ್ನು ಕೈಬೀಸಿ ಕರೆದು, ಪೆನ್ಸಿಲ್ಲು ಕೊಟ್ಟು, ಚಿತ್ರದ ಬಲಗಾಲಿನ ಕಡೆ ತೋರಿಸಿದ.

“ಇಲ್ಲಿ ಬರೀಬೇಕಾ ಸರ್?” ಎಂದು ಅವಳು ಆ ಕಾಲಿಗೂ ಅಚ್ಚುಕಟ್ಟಾಗಿ ಪಟ್ಟಿ ಸುತ್ತಿದಳು. ಎಡಗಾಲಿನ ಪಟ್ಟಿಯನ್ನು ರಬ್ಬರಿನಿಂದ ಅಳಿಸಲು ತೋರಿಸಿದಾಗ ಅದನ್ನೂ ಅಳಿಸಿದಳು. “ಚೆನ್ನಾಗಿದ್ಯಾ?” ಎಂದು ಕೇಳಿ ಹೋದಳು.

ಬಾಗಿಲ ಮೇಲೆ ಈಗ ಬಲಗಾಲು ಮುರಿದವನೊಬ್ಬ ನಿಂತಿದ್ದ.

ಜಿರಾಫೆ ಮುದ್ದೆಯಾಗಿದ್ದ ಚೀಟಿಗಳನ್ನು ನೆಲದಿಂದ ಎತ್ತಿ, ಬಿಡಿಸಿ, ನೋಡಿದ. “ಷರತ್ತು” ಎಂದ. “ನಾನು ಷರತ್ತು ನೋಡಲೇ ಇಲ್ಲ.” ಅಲ್ಲೇ ಸ್ಟೋರ್ ರೂಮಿನ ಹೊಸ್ತಿಲ ಮೇಲೆ ಕೂತುಬಿಟ್ಟ. “ಅಣ್ಣ, ಇದು ಆಸ್ಪತ್ರೆಗೆ ಹೋಗಿದ್ರೆ? ಯಾರದೋ ಸರಿಯಾಗಿರೋ ಕಾಲು ಕೊಯ್ದು…”

ರೇಡಿಯೋ ಪಕ್ಕದಲ್ಲಿ ಕೂತು ಅವನ ಬೆನ್ನ ಮೇಲೆ ಕೈಯಿಟ್ಟ. ಹೇಳಬೇಕಾದದ್ದು ಬೇಕಾದಷ್ಟಿತ್ತು. ಹೋಗಿಲ್ಲ ತಾನೆ? ನೀನು ವೇಗ ಹೆಚ್ಚಿಸಿದ್ದು ರೋಗಿಗಳು ಕಾಯಬಾರದು ಎಂದು ತಾನೆ? ಹೊರಬಂದದ್ದು “ನಾಳೆ, ನಾಳೆ” ಎಂಬುದಷ್ಟೇ. ಆದರೂ ಜಿರಾಫೆ ತಲೆಯಾಡಿಸಿದ, ಎಲ್ಲ ಕೇಳಿಸಿತು ಎನ್ನುವಂತೆ.

ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಮೀಟಿಂಗ್ ರೂಮಿನಲ್ಲಿ ಬೋರ್ಡಿನ ಮುಂದೆ ನಿಂತಿದ್ದರು. ತಂಡದವರೆಲ್ಲ ಕೂತಿದ್ದರು. ಟೀಚರ್ ಕೆಂಪು ಪೆನ್ನಿನ ಮುಚ್ಚಳ ತೆಗೆದು, “ಯಾರು ವಿವರಿಸ್ತೀರಿ?” ಎಂದರು.

“ತಿದ್ದುಪಡಿ ಅಣ್ಣನದು” ಎಂದ ಜಿರಾಫೆ. ಅಷ್ಟು ಜನರ ಮುಂದೆ ಅವನು ಯಾವತ್ತೂ ಎರಡು ವಾಕ್ಯಕ್ಕಿಂತ ಹೆಚ್ಚು ಆಡಿದವನಲ್ಲ. “ಮಾತು ನಂದು. ತಪ್ಪೂ ನಂದೇ.”

ಹೇಳತೊಡಗಿದ. ತೊದಲಿದ, ಬೆವರಿದ, ಬೋರ್ಡಿನ ಮೇಲೆ ಬರೆದು ಅಳಿಸಿದ. ಒಂದೊಂದು ಮಾತಾದ ಮೇಲೂ ರೇಡಿಯೋನ ಕಡೆ ತಿರುಗುತ್ತಿದ್ದ. ರೇಡಿಯೋ ಹೂಂ ಎಂದು ತಲೆಯಾಡಿಸಿದರೆ ಮುಂದಕ್ಕೆ. ಹಳೆಯ ಕೂಡಿಕೆ ಹೇಗಿತ್ತು, ತಾನು ಏನು ಬದಲಿಸಿದೆ, ಷರತ್ತು ಎಲ್ಲಿ ಬಿದ್ದುಹೋಯಿತು, ಎಲ್ಲವನ್ನೂ ಏನನ್ನೂ ಮುಚ್ಚಿಡದೆ ಹೇಳಿದ.

ಟೀಚರ್ ಹಾಳೆಯ ಮೇಲೊಂದು ಗೆರೆ ಎಳೆದರು. “ಸರಿ. ಒಂದೇ ಫೈಲಿಗೆ ಮೂರು ನಿಯಮ ಬಂತು ಅಂದ್ಕೊಳ್ಳಿ. ಎಲ್ಲರೂ ಓದಬಹುದು ಅಂತ ಒಂದು, ಬರೆದವರು ತಿದ್ದಬಹುದು ಅಂತ ಒಂದು, ಯಾರೂ ಅಳಿಸಬಾರದು ಅಂತ ಇನ್ನೊಂದು. ಏನ್ಮಾಡ್ತೀರಿ?”

“ಮೂರನ್ನೂ ಕೂಡಿಸಿ, ಆಮೇಲೆ ಅಳಿಸೋದನ್ನ ತೆಗೆದು…” ಎಂದು ಜಿರಾಫೆ ಬೋರ್ಡಿನ ಮೇಲೆ ಮೂರು ಸಾಲು ಬರೆಯುತ್ತಾ ಶುರುಮಾಡಿದ.

ರೇಡಿಯೋ ಅವನ ತೋಳು ಹಿಡಿದೆಳೆದ. “ನಾಳೆ! ನಾಳೆ!” ಎಂದು ಜೋರಾಗಿ ತಲೆಯಲ್ಲಾಡಿಸಿದ. ಬೋರ್ಡಿನ ಮೇಲಿದ್ದ ಮೂರು ಸಾಲುಗಳ ನಡುವೆ ಕೈಯಿಟ್ಟು ಒಂದನ್ನೊಂದು ದೂರ ತಳ್ಳುವಂತೆ ಮಾಡಿದ. ಜಿರಾಫೆಗೆ ಅರ್ಥವಾಗಲಿಲ್ಲ. ಮತ್ತೆ ಮಾಡಿ ತೋರಿಸಿದ. ಅವನ ಕತ್ತಿನ ನರ ಬಿಗಿದಿತ್ತು. ತುಟಿ ಒತ್ತಿ ಹಿಡಿದ, ಬಿಟ್ಟ, ಮತ್ತೆ ಒತ್ತಿ ಹಿಡಿದ.

“ಬೇ” ಎಂದ.

“ಬೇ… ಬೇರೆ.” ಮೊದಲ ಸಾಲು ತೋರಿಸಿದ. “ಬೇರೆ.” ಎರಡನೆಯದು ತೋರಿಸಿದ. “ಬೇರೆ!”

“ಬೇರೆ ಬೇರೆ ಇಡಬೇಕು” ಎಂದ ಜಿರಾಫೆ, ಅವನ ಕೆನ್ನೆ ಒದ್ದೆಯಾಗಿತ್ತು. “ಹೌದು, ನಾನು ತಪ್ಪು ಹೇಳಿದೆ. ಷರತ್ತು ಒಂದೇ ಆಗಿರೋ ನಿಯಮಗಳನ್ನ ಮಾತ್ರ ಕೂಡಿಸಬೇಕು. ಷರತ್ತು ಬೇರೆ ಆದ್ರೆ ಸಾಲೂ ಬೇರೆ. ಬಾರದು ಅನ್ನೋದನ್ನ ಮೊದ್ಲಿಂದಾನೂ ಪ್ರತ್ಯೇಕ ಇಟ್ಟು, ಕೊನೇಲಿ ಅದರ ಮಾತೇ ನಡೀಬೇಕು.”

ಟೀಚರ್ ಹಾಳೆಯ ಮೂಲೆಯಲ್ಲಿ ಸರಿ ಎಂದು ಗುರುತು ಹಾಕಿದರು. ಪೆನ್ನಿನ ಮುಚ್ಚಳ ಹಾಕಲು ಹೋದರೆ ಅದು ಕೂರುತ್ತಲೇ ಇರಲಿಲ್ಲ. “ಇಷ್ಟು ವರ್ಷದಲ್ಲಿ ರೇಡಿಯೋ ಇಷ್ಟು ಚಿಕ್ಕದಾಗಿ ವಿವರಿಸಿದ್ದು ನಾನು ಕೇಳೇ ಇಲ್ಲ” ಎಂದರು. ಆಗ ಎಲ್ಲರೂ ಒಟ್ಟಿಗೆ ನಕ್ಕರು, ಯಾರೋ ಚಪ್ಪಾಳೆ ಹೊಡೆದರು, ರೇಡಿಯೋ ಕುರ್ಚಿಯ ಮೇಲೆ ಕುಸಿದು ಕೂತು “ಬೇರೆ, ಬೇರೆ” ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ, ಎಲ್ಲಿ ಕಳೆದುಹೋಗುವುದೋ ಎಂಬಂತೆ.

ಆಸ್ಪತ್ರೆಗಳಿಗೆ ಹೋಗಬೇಕಿದ್ದದ್ದನ್ನು ಟೀಚರ್ ತಡೆಹಿಡಿದರು. ಮೇಲಿನವರು ಕೇಳಿದಾಗ, ಕೆಲಸ ತಮ್ಮ ಒಪ್ಪಿಗೆಯಿಂದಲೇ ಒಳಗೆ ಹೋಗಿತ್ತು, ಬೈಯುವುದಿದ್ದರೆ ತಮ್ಮನ್ನು ಬೈಯಿರಿ ಎಂದರಂತೆ. ಜಿರಾಫೆಯ ಹೆಸರು ಅಲ್ಲಿ ಬರಲೇ ಇಲ್ಲ. ಮುಂದಿನ ದಿನಗಳಲ್ಲಿ ಅವನೂ ರೇಡಿಯೋನೂ ಒಂದೇ ಮೇಜಿಗೆ ಕೂತು, ತಡೆಯಬೇಕಾದ್ದನ್ನು ತಡೆಯುತ್ತಿದೆಯೇ ಎಂದು ನೋಡುವ ಹೊಸ ಪರೀಕ್ಷೆಗಳನ್ನು ಬರೆದರು. ಷರತ್ತು ಬೇರೆಯಾಗಿರುವ ನಿಯಮಗಳು ನಿಜಕ್ಕೂ ಕಡಿಮೆಯಿದ್ದವು. ಹಾಗಾಗಿ ಜಿರಾಫೆ ದುಡಿದು ಗಳಿಸಿದ್ದ ವೇಗದಲ್ಲಿ ಹೆಚ್ಚೇನೂ ನಷ್ಟವಾಗಲಿಲ್ಲ. ತಿದ್ದಿದ ಪಾರ್ಸರ್ ಹೋದ ಮೇಲೆ ಆಸ್ಪತ್ರೆಗಳಿಂದ ದೂರು ನಿಂತಿತು. ತಮಗೇನು ತಪ್ಪಿತು ಎಂದು ಅಲ್ಲಿ ಯಾರಿಗೂ ತಿಳಿಯಲಿಲ್ಲ, ತಿಳಿಯುವ ಅಗತ್ಯವೂ ಇರಲಿಲ್ಲ.

ಒಂದು ದಿನ ಜಿರಾಫೆ ಟೀ ಲೋಟ ಹಿಡಿದು ಕಿಟಕಿಯ ಹತ್ತಿರ ನಿಂತು, “ಅಣ್ಣ, ನೀವು ನನ್ನ ಉಳಿಸಿದ್ರಿ” ಎಂದ. ರೇಡಿಯೋ ಬೆರಳನ್ನು ಅವನ ಎದೆಗೆ ತಾಗಿಸಿದ, ಆಮೇಲೆ ತನ್ನ ತಲೆಗೆ, ಆಮೇಲೆ ಮೀಟಿಂಗ್ ರೂಮಿನ ನೆಲದ ಕಡೆ ತೋರಿಸಿದ. ಮೊದಲು ಉಳಿಸಿದ್ದು ಯಾರು? ಜಿರಾಫೆ ಕತ್ತು ಬಗ್ಗಿಸಿ ಟೀ ಕುಡಿದ.

ಪದಗಳು ಒಂದೊಂದೇ ಬಂದವು. ಬಾಗಿಲು, ನೀರು, ಸಾಕು, ಹೆಂಡತಿಯ ಹೆಸರು. ಅವು ಬಂದ ದಿನಗಳೆಲ್ಲ ಅವಳಿಗೆ ಹಬ್ಬವೇ. ಆದರೆ ಅವಳು ಈಗಲೂ ಎಲ್ಲರಿಗೂ ಹೇಳುವುದು ಬೇರೊಂದು ಸಂಜೆಯ ಸಂಗತಿ.

ಅಂದು ಅವಳು ಪಾಳಿ ಮುಗಿಸಿ ಬಂದು, ಸುಸ್ತಾಗಿ, ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದಳು. ರೇಡಿಯೋ ಬಂದು ನೋಡಿದ.

“ಟವೆಲ್” ಎಂದ.

“ಹೂಂ, ಟವೆಲ್. ಚೆನ್ನಾಗಿ ಹೇಳಿದ್ರಿ.”

“ಒದ್ದೆ.”

“ಒದ್ದೆನೇ. ಆಮೇಲೆ ತೆಗೀತೀನಿ ಬಿಡಿ.”

“ದಿನಾ… ದಿನಾ ಹೀಗೇ!” ಅವನ ದನಿ ಏರಿತು. “ಹಾಸಿಗೆ… ನನ್ನ ಕಡೆ! ನಿನ್ನ ಕಡೆ… ಹಾಕ್ಕೋ!”

“ಓಹೋ, ಇಡೀ ದಿನ ಬಸ್ ಓಡಿಸಿ ಬಂದೋಳಿಗೆ ಒಂದು ಟವೆಲ್‌ಗೆ ಬೈತೀರಾ?” ಎಂದು ಅವಳೂ ಸೊಂಟದ ಮೇಲೆ ಕೈಯಿಟ್ಟಳು.

“ಬೈತೀನಿ!” ಎಂದ ಅವನು. “ಹಾಸಿಗೆ ನಂದೂ!”

ಅವಳು ಮತ್ತೇನೋ ಹೇಳಲು ಬಾಯಿ ತೆರೆದಳು. ಹಾಗೇ ನಿಂತಳು. ಇಷ್ಟು ತಿಂಗಳಲ್ಲಿ ಮೊದಲ ಸಲ ಅವಳ ಗಂಡ ಅವಳ ಜೊತೆ ಜಗಳ ಆಡುತ್ತಿದ್ದ, ಸಾಲಿಗೆ ಸಾಲು, ಮಾತಿಗೆ ಮಾತು. ಅವಳು ಹಾಸಿಗೆಯ ಅಂಚಿನಲ್ಲಿ, ಒದ್ದೆ ಟವೆಲಿನ ಮೇಲೇ ಕೂತು ನಗತೊಡಗಿದಳು. ನಗು ಅಳುವಾಯಿತು, ಅಳು ಮತ್ತೆ ನಗುವಾಯಿತು. ಅವನು ಗಾಬರಿಯಾಗಿ ಅವಳ ಮುಂದೆ ಮಂಡಿಯೂರಿದ.

“ಇನ್ನೂ ಬೈಯಿರಿ” ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತಾ. “ನಿಲ್ಲಿಸಬೇಡಿ. ಆ ಕಪಾಟಿನ ಬಾಗಿಲೂ ತೆರೆದೇ ಬಿಟ್ಟಿದ್ದೀನಿ, ನೋಡಿ.”